ಒಂಬತ್ತರ ಲೆಕ್ಕ: ನಾನೊಂದು 1973ರ ಎಂಜಿಬಿ ಜಿಟಿ ತಗೊಂಡ ಕಥೆ

ಎಂಜಿಬಿ ಜಿಟಿ ಅನ್ನೋ ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ತಗೋಬೇಕು ಅಂತ ಹುಡುಕ್ತಾ ಮೊದಲನೇ ಕಾರು ನೋಡಕ್ಕೆ ಹೋದಾಗ ನನ್ನ ಜೇಬಲ್ಲಿ ಮೂರೇ ಸಾಮಾನು ಇದ್ದಿದ್ದು, ಫ್ರಿಡ್ಜ್ ಬಾಗಿಲಿಂದ ಕಿತ್ಕೊಂಡ ಮ್ಯಾಗ್ನೆಟ್, ಅದಕ್ಕೆ ಸುತ್ತಕ್ಕೆ ಒಂದು ಮೆತ್ತನೆ ಬಟ್ಟೆ, ಒಂದು ಟಾರ್ಚ್. ಕಾರು ಫೋಟೋದಲ್ಲಿ ಎಷ್ಟು ಚೆನ್ನಾಗಿತ್ತೋ ಎದುರಿಗೆ ಅದಕ್ಕಿಂತ ಚೆನ್ನಾಗಿತ್ತು, ಕಡುಹಸಿರು ಬಣ್ಣ ಕನ್ನಡಿ ಥರ ಹೊಳೀತಿತ್ತು, ಕ್ರೋಮ್ ಬಂಪರ್, ಕಡ್ಡಿ ಕಡ್ಡಿ ವೈರ್ ವ್ಹೀಲ್. ನಾನು ಬಗ್ಗಿ ಬಾಗಿಲ ಕೆಳಗಿನ ಸಿಲ್ ಮೇಲೆ ಮ್ಯಾಗ್ನೆಟ್ ಇಟ್ಟೆ. ಹಿಡೀಲಿಲ್ಲ. ಎರಡಿಂಚು ಹಿಂದಕ್ಕೆ ಇಟ್ಟೆ, ಹಿಡೀತು. ಇನ್ನೊಂದು ಅಡಿ ಹಿಂದೆ, ಹಿಂದಿನ ಚಕ್ರದ ಹತ್ರ, ಮತ್ತೆ ಜಾರಿ ಬಿತ್ತು. ಅಂದ್ರೆ ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ ತುಂಬಿ ಮೇಲೆ ಪೇಂಟ್ ಹೊಡೆದಿದಾರೆ. ಮಾರೋರಿಗೆ ಥ್ಯಾಂಕ್ಸ್ ಹೇಳಿ ವಾಪಸ್ ಬಂದೆ, ಬರೋವಾಗ ದಾರಿ ಪೂರ್ತಿ ಬೇಜಾರಾಗಿತ್ತು ಯಾಕಂದ್ರೆ ಮನಸ್ಸಲ್ಲಿ ಆಗ್ಲೇ ಆ ಕಾರನ್ನ ಮನೆ ಮುಂದೆ ನಿಲ್ಲಿಸಿಬಿಟ್ಟಿದ್ದೆ.

ಯಾಕೆ ಈ ಕಾರೇ ಬೇಕಿತ್ತು ಅಂತ ಹೇಳ್ಬೇಕು. ನಮ್ಮ ಅಪ್ಪಯ್ಯ ಸಾಗರದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸ್ತಿದ್ರು. ಮಾರ್ಕ್ 3, ಪೆಟ್ರೋಲ್ ಗಾಡಿ. ಮಳೆಗಾಲದಲ್ಲಿ ಜೋಗಕ್ಕೆ ಬರೋ ಪ್ರವಾಸಿಗರು, ಬೇಸಿಗೆಯಲ್ಲಿ ಮದುವೆ ದಿಬ್ಬಣ, ಮಧ್ಯೆ ಯಾರಿಗಾದ್ರೂ ಹುಷಾರಿಲ್ದೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋದು. ಗಾಡಿ ಕೆಲ್ಸ ಎಲ್ಲಾ ಅವರೇ ಮಾಡ್ಕೋತಿದ್ರು, ನಂಗೆ ಹನ್ನೆರಡು ವರ್ಷ ಇದ್ದಾಗ ಟ್ಯಾಪೆಟ್ ಸೆಟ್ ಮಾಡೋದು, ಅಂದ್ರೆ ಇಂಜಿನ್ನಿನ ವಾಲ್ವ್ ಸಂದು ಅಳೆದು ಸರಿ ಮಾಡೋದು, ಹೇಳ್ಕೊಟ್ಟಿದ್ರು. ನಾನೀಗ ಹದಿನಾಲ್ಕು ವರ್ಷದಿಂದ ಇಂಗ್ಲೆಂಡಲ್ಲಿ, ಸ್ವಿಂಡನ್ ಅನ್ನೋ ಊರಲ್ಲಿ ಇದೀನಿ. ಒಂದಿನ ಪೆಟ್ರೋಲ್ ಬಂಕಲ್ಲಿ ನಿಂತಿದ್ದಾಗ ಪಕ್ಕದ ಪಂಪಿಗೆ ಒಂದು ತಗ್ಗಿನ ಹಳೇ ಕಾರು ಬಂದು ನಿಂತು ಐಡ್ಲಿಂಗಲ್ಲಿ ಟಿಕಿಟಿಕಿ ಅಂತಿತ್ತು, ನಾನು ತಿರುಗಿ ನೋಡೋಕ್ಕಿಂತ ಮುಂಚೆನೇ ಕಿವಿ ಹೇಳ್ತು ಇದು ನಮ್ಮನೆ ಶಬ್ದ ಅಂತ. ಓನರ್ ಒಬ್ರು ವಯಸ್ಸಾದ ಹೆಂಗಸು, ಬಾನೆಟ್ ಎತ್ತಿ ತೋರಿಸಿದ್ರು. ಆಮೇಲೆ ಮನೆಗೆ ಬಂದು ಓದಿದೆ, ಕಿವಿಗೆ ಅನ್ಸಿದ್ದು ಸುಳ್ಳಲ್ಲ, ಎರಡೂ ಒಂದೇ ವಂಶ. ಆಸ್ಟಿನ್ ನವರು 1940ರ ದಶಕದಲ್ಲಿ ಶುರು ಮಾಡಿದ ಬಿ ಸೀರೀಸ್ ಇಂಜಿನ್ನು, ಅಂಬಾಸಿಡರಲ್ಲಿ 1489 ಸಿಸಿ, ಎಂಜಿಬಿಯಲ್ಲಿ 1798 ಸಿಸಿ. ಪಿಸ್ಟನ್ ಓಡಾಡೋ ಸ್ಟ್ರೋಕ್ ಎರಡರದ್ದೂ 88.9 ಮಿಲಿಮೀಟರೇ, ಬೋರ್ ಅನ್ನೋ ಸಿಲಿಂಡರ್ ಅಗಲ ಮಾತ್ರ 73 ಇದ್ದಿದ್ದು 80ಕ್ಕೆ ದೊಡ್ಡದಾಗಿದೆ. ಅವತ್ತಿಂದ ತಲೇಲಿ ಹುಳ ಹೊಕ್ಕಂಗಾಯ್ತು.

ಎಂಜಿ ಅಂದ್ರೆ ಈಗ ಊರಲ್ಲಿ ಎಲ್ರೂ ಹೆಕ್ಟರ್ ಅಂತಾರೆ. ಹೆಸರು ಹುಟ್ಟಿದ್ದು ಆಕ್ಸ್‌ಫರ್ಡಲ್ಲಿ, ಮಾರಿಸ್ ಗ್ಯಾರೇಜಸ್ ಅನ್ನೋದರ ಎರಡು ಅಕ್ಷರ, 1929ರಿಂದ ಹತ್ತಿರದ ಆಬಿಂಗ್ಡನ್ ಊರಲ್ಲಿ ಫ್ಯಾಕ್ಟರಿ. ಎಂಜಿಬಿ ಮೊದಲು ಬಂದಿದ್ದು 1962ರಲ್ಲಿ, ಟಾಪ್ ಬಿಚ್ಚೋ ರೋಡ್‌ಸ್ಟರ್. ಜಿಟಿ ಅನ್ನೋ ಕೂಪೆ ಬಂದಿದ್ದು 1965ರಲ್ಲಿ, ಅದರ ಟಾಪಿಗೆ ಕೈ ಹಾಕಿದ್ದು ಇಟಲಿಯ ಕಾರು ಡಿಸೈನ್ ಕಂಪನಿ ಪಿನಿನ್‌ಫರಿನಾ. ಅವರು ಮಾಡಿದ ಜಾಣತನ ಏನು ಅಂದ್ರೆ ಮುಂದಿನ ಗಾಜನ್ನ ಎತ್ತರ ಮಾಡಿದ್ದು, ಅದರಿಂದಾಗಿ ಟಾಪು ಗಾಜಿನ ತುದಿಯಿಂದ ಶುರುವಾಗಿ ಹಿಂದಿನ ಬಂಪರ್ ತನಕ ಒಂದೇ ಗೆರೆ ಎಳೆದಂಗೆ ಇಳಿಯತ್ತೆ, ಎಲ್ಲೂ ಮೇಲಿಂದ ತಂದು ಕೂರಿಸಿದಂಗೆ ಕಾಣಲ್ಲ. ಈ ಗೆರೆ ಸಂಜೆ ಬೆಳಕಲ್ಲಿ ಪಕ್ಕದಿಂದ ನೋಡ್ಬೇಕು. ಇದನ್ನ ಬಡವರ ಆಸ್ಟನ್ ಮಾರ್ಟಿನ್ ಅಂತ ಇಲ್ಲಿ ಕರೀತಾರೆ, ಆಗ ಆಸ್ಟನ್ನಿಗೆ ನಾಲ್ಕು ಸಾವಿರ ಪೌಂಡ್ ಮೇಲಿತ್ತು, ಇದಕ್ಕೆ ಒಂದು ಸಾವಿರಕ್ಕಿಂತ ಸ್ವಲ್ಪ ಕಮ್ಮಿ. ಹೊಸದಿದ್ದಾಗ ರೋಡ್‌ಸ್ಟರಿಗಿಂತ ಜಿಟಿಗೇ ರೇಟ್ ಜಾಸ್ತಿ, ಈಗ ಉಲ್ಟಾ, ಟಾಪ್ ಬಿಚ್ಚೋದೇ ದುಬಾರಿ. ನಂಗಂತೂ ಇದು ಸರಿ ಅನ್ಸಲ್ಲ, ಮಳೆ ಬೀಳೋ ದೇಶದಲ್ಲಿ ಟಾಪ್ ಇರೋ ಕಾರೇ ಮೇಲು, ಅದರಲ್ಲೂ ಈ ಟಾಪು. ಆದ್ರೆ ನಮ್ಮಂಥ ಸಂಬಳದೋರಿಗೆ ಅದೇ ಅನುಕೂಲ ಆಯ್ತು.

ಇನ್ನೊಂದು ವಿಷಯ, 1974ರ ಕೊನೆ ಭಾಗದಿಂದ ಅಮೆರಿಕದ ಕಾನೂನಿಗೋಸ್ಕರ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ಬಂಪರ್ ಹಾಕಿದ್ರು, ಕಾರನ್ನೂ ಒಂದಿಂಚಿಗಿಂತ ಜಾಸ್ತಿ ಎತ್ತರ ಮಾಡಿದ್ರು. ಅವು ಇವತ್ತಿಗೂ ಕಡಿಮೆಗೆ ಸಿಗ್ತವೆ. ಒಳ್ಳೇ ಬಾಡಿ ಇರೋ ಕಪ್ಪು ಬಂಪರ್ ಕಾರು ಸಿಕ್ರೆ ಕೊಳೆತ ಕ್ರೋಮ್ ಬಂಪರ್ ಕಾರಿಗಿಂತ ನೂರು ಪಾಲು ವಾಸಿ. ನನ್ನ ಮನಸ್ಸು ಮಾತ್ರ ಕ್ರೋಮಲ್ಲೇ ಇತ್ತು.

ನಾಲ್ಕು ತಿಂಗಳು ಹುಡುಕಿದೆ, ಏಳು ಕಾರು ನೋಡಿದೆ. ಅಷ್ಟರಲ್ಲಿ ಒಂದು ಗೊತ್ತಾಯ್ತು, ಈ ಕಾರಲ್ಲಿ ಇಂಜಿನ್ ನೋಡಿ ದುಡ್ಡು ಕೊಡಬಾರದು, ತಗಡು ನೋಡಿ ಕೊಡಬೇಕು. ಇಂಜಿನ್ ಹಾಳಾದ್ರೆ ಎರಡು ದಿನದಲ್ಲಿ ಇಳಿಸಿ ಬೇರೆ ಹಾಕಬಹುದು, ಪಾರ್ಟ್ಸ್ ಎಲ್ಲಾ ಸಿಗತ್ತೆ, ಐದು ಲಕ್ಷಕ್ಕಿಂತ ಜಾಸ್ತಿ ಎಂಜಿಬಿ ಮಾಡಿದಾರೆ, ಅದರಲ್ಲಿ ಜಿಟಿನೇ ಸುಮಾರು ಒಂದೂಕಾಲು ಲಕ್ಷ. ಇಡೀ ಬಾಡಿ ಬೇಕು ಅಂದ್ರೂ ಹಳೇ ಅಚ್ಚುಗಳಲ್ಲೇ ಒತ್ತಿ ಹೊಸ ಬಾಡಿ ಮಾಡ್ಕೊಡೋ ಕಂಪನಿ ವಿಟ್ನಿಯಲ್ಲಿ ಇದೆ. ಆದ್ರೆ ಇದು ಅಂಬಾಸಿಡರ್ ಥರನೇ ಚಾಸಿ ಬೇರೆ ಬಾಡಿ ಬೇರೆ ಅಲ್ಲದ ಗಾಡಿ, ಬಾಡಿಯೇ ಚಾಸಿ. ಎರಡು ಬಾಗಿಲ ಕೆಳಗಿನ ಸಿಲ್ ಅನ್ನೋದು ಬರೀ ಅಂದಕ್ಕಲ್ಲ, ಹೊರಗಿನ ತಗಡು, ಒಳಗಿನ ತಗಡು, ಮಧ್ಯೆ ಒಂದು ತಡೆ, ಎಲ್ಲಾ ಸೇರಿ ಪೆಟ್ಟಿಗೆ ಥರ ಆಗಿ ಇಡೀ ಕಾರನ್ನ ಅದೇ ಹೊತ್ಕೊಂಡಿರತ್ತೆ. ಇಲ್ಲಿ ಚಳಿಗಾಲದಲ್ಲಿ ರೋಡಿಗೆ ಉಪ್ಪು ಚೆಲ್ಲುತಾರೆ, ಆ ಉಪ್ಪುನೀರು ಒಳಗೆ ಹೋಗಿ ಕೂತು ಒಳಗಿಂದ ಹೊರಗೆ ತಿನ್ನತ್ತೆ. ಕೆಲವ್ರು ಕೊಳೆತ ಸಿಲ್ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿ ಮಾರ್ತಾರೆ. ಅದರಲ್ಲೂ ಜಿಟಿಗೆ ಟಾಪ್ ಇರೋದ್ರಿಂದ ಬಾಡಿ ಬಿಗಿಯಾಗಿರತ್ತೆ, ರೋಡ್‌ಸ್ಟರಲ್ಲಾದ್ರೆ ಜ್ಯಾಕ್ ಹಾಕಿದ ತಕ್ಷಣ ಬಾಗಿಲ ಸಂದು ಕಿರಿದಾಗಿ ಗುಟ್ಟು ರಟ್ಟಾಗತ್ತೆ, ಜಿಟಿಯಲ್ಲಿ ಅಷ್ಟು ಬೇಗ ತೋರಿಸಲ್ಲ. ಹಾಗಾಗಿ ಕೆಳಗೆ ಮಲಗಿ ನೋಡಲೇಬೇಕು. ಸ್ಪ್ರಿಂಗ್ ಪಟ್ಟಿ ಹಿಂದೆ ಎಲ್ಲಿ ಸಿಕ್ಕಿಸಿರತ್ತೋ ಆ ಜಾಗ, ಜ್ಯಾಕ್ ಹಾಕೋ ಜಾಗ, ಸೀಟ್ ಹಿಂದಿನ ಬ್ಯಾಟರಿ ಗುಂಡಿ, ಮುಂದಿನ ಮಡ್‌ಗಾರ್ಡ್ ಒಳಗೆ ಹೆಡ್‌ಲೈಟ್ ಹಿಂದೆ ಕೆಸರು ಕೂರೋ ಮೂಲೆ. ಇಷ್ಟು ಜಾಗಕ್ಕೆ ಟಾರ್ಚ್ ಬಿಡದೆ ಒಂದು ಪೌಂಡೂ ಕೊಡ್ಬೇಡಿ.

ಎಂಟನೇ ಕಾರು ಸಿಕ್ಕಿದ್ದು ಹೆರೆಫರ್ಡ್ ಕಡೆ ಒಂದು ಹಳ್ಳೀಲಿ. ಓನರ್ ರಿಟೈರ್ಡ್ ಮೇಷ್ಟ್ರು, 31 ವರ್ಷದಿಂದ ಅವರ ಹತ್ರನೇ ಇತ್ತು. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಇದು ಅಪ್ಪಯ್ಯ ಹೇಳ್ಕೊಟ್ಟಿದ್ದು, ಗಾಡಿ ಮಾರೋನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದಾನೆ ಅಂತ ಅರ್ಥ. ಮೇಷ್ಟ್ರು ಚೋಕ್ ಎಳೆದು ಕೀ ತಿರುಗಿಸಿದ್ರು, ಮೂರನೇ ಸುತ್ತಿಗೆ ಹತ್ಕೊಳ್ತು, ಆಯಿಲ್ ಪ್ರೆಶರ್ ಮುಳ್ಳು ಸೀದಾ ಮೇಲಕ್ಕೆ ಹೋಯ್ತು. ಬಿಸಿ ಆದ ಮೇಲೆ ಓಡಿಸಿ ನೋಡಿದಾಗಲೂ 60ರ ಹತ್ರ ನಿಂತಿತ್ತು, ಇದಕ್ಕೆ ಅಷ್ಟಿದ್ರೆ ಆರೋಗ್ಯ ಚೆನ್ನಾಗಿದೆ ಅಂತ. ಕಾರಿನ ಬಣ್ಣ ಕೆಂಪು. ಆದ್ರೆ ಬ್ಯಾಟರಿ ಮುಚ್ಚಳ ತೆಗೆದಾಗ ಮೂಲೆಯಲ್ಲಿ ನೀಲಿ-ಹಸಿರು ಪೇಂಟ್ ಕಾಣಿಸ್ತು. ಮೇಷ್ಟ್ರಿಗೂ ಗೊತ್ತಿತ್ತು, ತಗೊಂಡಾಗಲೇ ಕೆಂಪಾಗಿತ್ತು ಅಂದ್ರು. ಮ್ಯಾಗ್ನೆಟ್ ಎಲ್ಲಾ ಕಡೆ ಹಿಡೀತು, ಎಡಗಡೆ ಸಿಲ್ಲಿನ ಹಿಂದಿನ ಮೂಲೆ ಬಿಟ್ಟು. ಅದನ್ನ ಅವರೇ ಮೊದಲು ತೋರಿಸಿದ್ರು, ಇಲ್ಲಿ ಕೆಲ್ಸ ಇದೆ ಅಂತ. ಆ ಒಂದು ಮಾತಿಗೆ ನಾನು ಜಾಸ್ತಿ ಚೌಕಾಸಿ ಮಾಡ್ಲಿಲ್ಲ. 7,200 ಪೌಂಡ್ ಕೊಟ್ಟೆ. ಅವರು ಒಂದು ದಪ್ಪ ಫೈಲ್ ಕೊಟ್ರು, ಮೂವತ್ತೊಂದು ವರ್ಷದ ಬಿಲ್ಲು, ಪ್ರತಿಯೊಂದು ಆಯಿಲ್ ಚೇಂಜೂ ಕೈಬರಹದಲ್ಲಿ ಬರೆದಿದ್ದು. ಹೊರಡೋವಾಗ ಕಾರಿನ ಟಾಪ್ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತ್ಕೊಂಡ್ರು ಸ್ವಲ್ಪ ಹೊತ್ತು, ನಾನೂ ಇಂಜಿನ್ ಸ್ಟಾರ್ಟ್ ಮಾಡದೆ ಕಾದೆ.

ಕಾಗದ ಪತ್ರ ಸಲೀಸು. ನಲವತ್ತು ವರ್ಷ ದಾಟಿದ ಗಾಡಿಗೆ ಇಲ್ಲಿ ಹಿಸ್ಟಾರಿಕ್ ಅಂತ ಬೇರೆ ವರ್ಗ, ರೋಡ್ ಟ್ಯಾಕ್ಸ್ ಸೊನ್ನೆ, ಆದ್ರೂ ಪ್ರತಿ ವರ್ಷ ಸೊನ್ನೆಯ ಟ್ಯಾಕ್ಸ್ ಕಟ್ಟಿದಂಗೆ ಅರ್ಜಿ ಹಾಕಲೇಬೇಕು. ಲಂಡನ್ನಿನ ಹೊಗೆ ಚಾರ್ಜೂ ಇಲ್ಲ. 2018ರಿಂದ ಎಂಒಟಿ ಅನ್ನೋ ವಾರ್ಷಿಕ ತಪಾಸಣೆನೂ ಕಡ್ಡಾಯ ಅಲ್ಲ, ಆದ್ರೆ ನಾನು ಮಾಡಿಸ್ತೀನಿ, ಹೆಂಡ್ತಿ ಮಕ್ಕಳು ಕೂರೋ ಗಾಡಿಯ ಬ್ರೇಕನ್ನ ನನಗಿಂತ ಚೆನ್ನಾಗಿ ಗೊತ್ತಿರೋರು ವರ್ಷಕ್ಕೊಂದ್ಸಲ ನೋಡಲಿ. ಇನ್ಶೂರೆನ್ಸಲ್ಲಿ ಒಂದು ಮಾತು ನೆನಪಿಡಿ, ಅಗ್ರೀಡ್ ವ್ಯಾಲ್ಯೂ ಅಂತಲೇ ಕೇಳಿ ಮಾಡಿಸಿ, ಫೋಟೋ ಬಿಲ್ಲು ಎಲ್ಲಾ ಕಳಿಸಿ ಇಷ್ಟು ಬೆಲೆ ಅಂತ ಮೊದಲೇ ಒಪ್ಪಿಸ್ಕೋಬೇಕು, ಇಲ್ದಿದ್ರೆ ಏನಾದ್ರೂ ಆದಾಗ ಹಳೇ ಕಾರು ಅಂತ ಚಿಲ್ಲರೆ ಕೊಡ್ತಾರೆ.

ಗೇಡನ್ ಊರಲ್ಲಿ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೆ, ಅವರ ಹತ್ರ ಫ್ಯಾಕ್ಟರಿಯ ಹಳೇ ರಿಜಿಸ್ಟರ್‌ಗಳಿವೆ. ಚಾಸಿ ನಂಬರ್ ಕೊಟ್ಟು ದುಡ್ಡು ಕಟ್ಟಿದ್ರೆ ಹೆರಿಟೇಜ್ ಸರ್ಟಿಫಿಕೇಟ್ ಅಂತ ಕಳಿಸ್ತಾರೆ, ಯಾವ ದಿನ ತಯಾರಾಯ್ತು, ಯಾವ ಬಣ್ಣ, ಯಾವ ಊರಿನ ಡೀಲರಿಗೆ ಹೋಯ್ತು ಅಂತ. ನನ್ನ ಕಾರಿಗೆ ಬಂದದ್ದು: ಟೀಲ್ ಬ್ಲೂ. ಬ್ಯಾಟರಿ ಗುಂಡಿಯಲ್ಲಿ ಕಂಡಿದ್ದು ಅದೇ. ಆ ಕಾಗದ ಕೈಲಿ ಹಿಡ್ಕೊಂಡು ಕಾರನ್ನೇ ನೋಡ್ತಾ ಕೂತಿದ್ದೆ, ಮಗಳು ಬಂದು ಅಪ್ಪ ಅದರ ನಿಜವಾದ ಬಣ್ಣ ವಾಪಸ್ ಕೊಡ್ತೀಯಾ ಅಂದ್ಲು. ಕೊಡ್ತೀನಿ ಅಂದೆ. ಪೇಂಟ್ ಆಗಿಲ್ಲ ಇನ್ನೂ, ಮುಂದಿನ ವರ್ಷ ಮಾಡಿಸ್ತೀನಿ.

ಸಿಲ್ ಕೆಲ್ಸಕ್ಕೆ ಹತ್ತು ಮೈಲಿ ದೂರದ ಒಂದು ಸಣ್ಣ ವರ್ಕ್‌ಶಾಪಿಗೆ ಬಿಟ್ಟೆ. ತಿಂಗಳು ಅಂದಿದ್ದು ಎರಡೂವರೆ ತಿಂಗಳಾಯ್ತು, 3,100 ಪೌಂಡ್ ಆಯ್ತು. ಮೊದಲು ಬೇಜಾರಾಗಿತ್ತು, ಹೋಗಿ ನೋಡಿದ ಮೇಲೆ ಯಾಕೆ ಅಂತ ಅರ್ಥ ಆಯ್ತು. ಹೊರಗೆ ಅಂಗೈಯಗಲ ಕಾಣ್ತಿದ್ದ ತುಕ್ಕು ಒಳಗೆ ಒಂದು ಮೊಳ ಹೋಗಿತ್ತು. ಸಿಲ್ಲು ಮುಂದಿನ ಮಡ್‌ಗಾರ್ಡ್ ಒಳಗೂ ಹಿಂದಿನ ಮಡ್‌ಗಾರ್ಡ್ ಒಳಗೂ ಹೋಗಿರತ್ತೆ, ಮುಂದಿನದ್ದು ಬೋಲ್ಟಲ್ಲಿ ನಿಂತಿರೋದು, ಬಿಚ್ಚಬಹುದು, ಹಿಂದಿನದ್ದು ವೆಲ್ಡ್, ಕತ್ತರಿಸಿ ತೆಗೆದು ಆಮೇಲೆ ಹೊಸ ತುಂಡು ಸೇರಿಸಬೇಕು. ಬೆಸುಗೆ ಹಾಕೋ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಕಟ್ಟಿ ಬಾಡಿ ಜಗ್ಗದಂಗೆ ಹಿಡಿದಿದ್ರು, ಹೊಸ ತಗಡು ಇಟ್ಟು ಬಾಗಿಲು ಹಾಕಿ ತೆಗೆದು, ಸಂದು ಅಳೆದು, ಮತ್ತೆ ಇಟ್ಟು ಹೀಗೆ. ಆ ವೆಲ್ಡರ್ ಹುಡುಗನಿಗೆ ಇಪ್ಪತ್ತಾರು ವರ್ಷ, ಕಾರು ಅವನಿಗಿಂತ ಎರಡು ಪಟ್ಟು ದೊಡ್ಡದು ವಯಸ್ಸಲ್ಲಿ. ಕೊನೆಗೆ ಒಳಗೆಲ್ಲಾ ಮೇಣದಂಥ ಎಣ್ಣೆ ಸ್ಪ್ರೇ ಮಾಡಿ ಕೊಟ್ಟ. ಕಾಣದೇ ಇರೋ ಜಾಗದಲ್ಲಿ ಅಷ್ಟು ನೀಟಾಗಿ ಕೆಲ್ಸ ಮಾಡಿದಾನಲ್ಲ ಅಂತ ನಂಗೆ ಹೇಳಕ್ಕಾಗದಷ್ಟು ಖುಷಿ ಆಯ್ತು.

ಮಿಕ್ಕಿದ್ದೆಲ್ಲಾ ನಾನೇ ಮಾಡ್ಕೊಂಡೆ. ಪೆಟ್ರೋಲ್ ಪೈಪುಗಳು ಹಳೇ ರಬ್ಬರಿಂದು, 2021ರಿಂದ ಇಲ್ಲಿ ಮಾಮೂಲಿ ಪೆಟ್ರೋಲಲ್ಲಿ ಹತ್ತು ಪರ್ಸೆಂಟ್ ತನಕ ಎಥನಾಲ್ ಬೆರೆಸ್ತಾರೆ, ಅದು ಹಳೇ ರಬ್ಬರನ್ನ ತಿನ್ನತ್ತೆ, ಅದಕ್ಕೆ ಪೈಪ್ ಎಲ್ಲಾ ಬದಲಾಯಿಸಿ ಈಗ ಎಥನಾಲ್ ಕಮ್ಮಿ ಇರೋ ಇ5 ಅನ್ನೋ ಸೂಪರ್ ಪೆಟ್ರೋಲೇ ಹಾಕೋದು. ಪೆಟ್ರೋಲಿಗೆ ಗಾಳಿ ಬೆರೆಸೋ ಎಸ್‌ಯು ಕಂಪನಿ ಕಾರ್ಬೊರೇಟರ್ ಎರಡಿರೋದು ನಂಗೆ ಹೊಸದು. ಎರಡೂ ಒಂದೇ ಸಮ ಗಾಳಿ ಎಳೀಬೇಕು, ಅದಕ್ಕೆ ಒಂದು ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. ಸುಯ್ ಅನ್ನೋ ಶಬ್ದ ಕೇಳತ್ತೆ. ಇದರಲ್ಲಿ ಕೇಳಿ, ಅದರಲ್ಲಿ ಕೇಳಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ, ಮತ್ತೆ ಕೇಳಿ. ಮೂರು ಭಾನುವಾರ ಹಿಡೀತು, ಮೂರನೇ ಭಾನುವಾರ ಎರಡೂ ಶಬ್ದ ಒಂದೇ ಸ್ವರಕ್ಕೆ ಬಂದ್ವು, ತಂಬೂರಿ ಎರಡು ತಂತಿ ಶ್ರುತಿ ಸೇರಿದಂಗೆ. ಬಾನೆಟ್ ಕೆಳಗೆ ಇಡೀ ಇಂಜಿನ್ ಅಲುಗೋದು ನಿಂತುಬಿಡ್ತು.

ಓಡಿಸೋ ಸುಖ ಹೇಳ್ಲಾ. ಇದು ಜೋರಾಗಿ ಓಡೋ ಕಾರಲ್ಲ, 95 ಹಾರ್ಸ್‌ಪವರ್, ಈಗಿನ ಸಣ್ಣ ಕಾರುಗಳೂ ಇದನ್ನ ಹಿಂದೆ ಹಾಕ್ತವೆ. ಪವರ್ ಸ್ಟೀರಿಂಗ್ ಇಲ್ಲ, ಪಾರ್ಕಿಂಗಲ್ಲಿ ತೋಳು ನೋಯತ್ತೆ, ಹಿಂದಿನ ಸಸ್ಪೆನ್ಷನ್ ಎತ್ತಿನಗಾಡಿ ಪಟ್ಟಿಯೇ. ಆದ್ರೆ ನೆಲಕ್ಕೆ ಅಷ್ಟು ಹತ್ರ ಕೂತು, ಉದ್ದ ಬಾನೆಟ್ ಕಣ್ಮುಂದೆ, ಸಣ್ಣ ಗೇರ್ ಕಡ್ಡಿ ಮಣಿಕಟ್ಟಲ್ಲೇ ಆಡತ್ತೆ, ರೋಡಿನ ಪ್ರತಿ ಕಲ್ಲೂ ಸ್ಟೀರಿಂಗಿಂದ ಅಂಗೈಗೆ ಬಂದು ಸುದ್ದಿ ಹೇಳತ್ತೆ. ಎಪ್ಪತ್ತು ಮೈಲಿ ಸ್ಪೀಡಲ್ಲಿ ನಾಲ್ಕನೇ ಗೇರಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 3,900 ಸುತ್ತಲ್ಲಿ ಕಿರುಚ್ತಿರತ್ತೆ, ಆಗ ಸ್ಟೀರಿಂಗ್ ಪಕ್ಕದ ಕಡ್ಡಿ ಒತ್ತಿದ್ರೆ ಓವರ್‌ಡ್ರೈವ್ ಅನ್ನೋ ಇನ್ನೊಂದು ಮೇಲಿನ ಗೇರಿನಂಥದ್ದು ಬೀಳತ್ತೆ, ಕ್ಲಚ್ ಮುಟ್ಟೋದೇ ಬೇಡ, ಒಂದೇ ಕ್ಷಣಕ್ಕೆ 3,200ಕ್ಕೆ ಇಳಿದು ಇಡೀ ಕಾರು ಉಸಿರು ಬಿಟ್ಟಂಗೆ ಆಗತ್ತೆ. ಆ ಒಂದು ಕ್ಷಣಕ್ಕೋಸ್ಕರ ನಾನು ಸುಮ್ಸುಮ್ನೆ ಮೋಟರ್‌ವೇಗೆ ಹೋಗ್ತೀನಿ. ಹಿಂದಿನ ಸೀಟು ಹೆಸರಿಗೆ ಸೀಟು, ಮಕ್ಕಳಿಗೆ ಸಾಕು, ಅದನ್ನ ಮಡಚಿದ್ರೆ ಹಿಂಬಾಗಿಲು ಎತ್ತಿ ಒಂದು ರಾಶಿ ಸಾಮಾನು ತುಂಬಬಹುದು. ಹೋದ ಸಲ ಕನ್ನಡ ಸಂಘದ ದೀಪಾವಳಿಗೆ ಎರಡು ದೊಡ್ಡ ಪಾತ್ರೆ ಬಿಸಿಬೇಳೆಬಾತು ಇದರಲ್ಲೇ ಹೋಯ್ತು, ಒಂದು ವಾರ ಕಾರೆಲ್ಲಾ ಇಂಗಿನ ವಾಸನೆ.

ಬೆಲೆ ಏರತ್ತಾ ಅಂತ ತುಂಬಾ ಜನ ಕೇಳ್ತಾರೆ. ಕೊಂಡಿದ್ದು, ಸಿಲ್ಲು, ಪೈಪು, ಟೈರು ಎಲ್ಲಾ ಸೇರಿ ಹನ್ನೊಂದು ಸಾವಿರ ದಾಟಿದೆ, ಇವತ್ತು ಮಾರಿದ್ರೆ ಅಷ್ಟು ಬರಲ್ಲ, ಮುಂದೂ ಬರುತ್ತೆ ಅಂತ ನಾನು ಲೆಕ್ಕ ಹಾಕಿಲ್ಲ. ಇ-ಟೈಪ್ ಜಾಗ್ವಾರ್ ಥರ ಇದು ದುಡ್ಡು ಬೆಳೆಯೋ ಕಾರಲ್ಲ, ತುಂಬಾ ಮಾಡಿದಾರೆ. ತುಂಬಾ ಮಾಡಿದ್ದರಿಂದಲೇ ಪಾರ್ಟ್ಸ್ ಸಿಗೋದು, ಪಾರ್ಟ್ಸ್ ಸಿಗೋದ್ರಿಂದಲೇ ನನ್ನಂಥೋನು ಇದನ್ನ ಇಟ್ಕೊಂಡು ಓಡಿಸೋಕ್ಕಾಗೋದು. ಹೂಡಿಕೆ ಅಂತ ತಗೊಳ್ಳೋರು ದಯವಿಟ್ಟು ಬೇರೆ ಏನಾದ್ರೂ ನೋಡಿ, ಶೆಡ್ಡಲ್ಲಿ ನಿಂತ ಎಂಜಿಬಿ ಕೊಳೆಯತ್ತೆ, ಓಡಿದ್ರೇನೇ ಚೆನ್ನಾಗಿರೋದು.

ಈ ಜೂನಲ್ಲಿ ಅಪ್ಪಯ್ಯ ಬಂದ್ರು, ಎಪ್ಪತ್ತಾರು ವರ್ಷ, ಮಂಡಿ ನೋವು. ಕಾರಿನ ವಿಷಯ ಫೋನಲ್ಲಿ ಹೇಳಿದ್ದೆ, ಇಂಜಿನ್ ವಿಷಯ ಹೇಳಿರಲಿಲ್ಲ. ಬಂದ ಮಾರನೇ ದಿನ ಅವರನ್ನ ಕೂರಿಸ್ಕೊಂಡು ಆಬಿಂಗ್ಡನ್ನಿಗೆ ಹೋದೆ, ಫ್ಯಾಕ್ಟರಿ 1980ರಲ್ಲೇ ಮುಚ್ಚಿದಾರೆ, ಆದ್ರೂ ಆ ಊರಿಗೆ ಒಂದ್ಸಲ ಕಾರನ್ನ ಕರ್ಕೊಂಡು ಹೋಗ್ಬೇಕು ಅಂತ ಮೊದಲಿಂದ ಇತ್ತು. ಫೇರಿಂಗ್ಡನ್ ದಾಟೋ ತನಕ ಅಪ್ಪಯ್ಯ ಏನೂ ಮಾತಾಡ್ಲಿಲ್ಲ. ಆಮೇಲೆ, ಒಂದ್ಸಲ ಸೈಡಿಗೆ ಹಾಕು ಮಾರಾಯ, ಅಂದ್ರು. ಹಾಕಿದೆ. ಬಾನೆಟ್ ಎತ್ತಿಸಿದ್ರು, ಇಂಜಿನ್ ಓಡ್ತಾನೇ ಇತ್ತು, ಡಿಕ್ಕಿಯಿಂದ ಉದ್ದ ಸ್ಕ್ರೂಡ್ರೈವರ್ ತರಿಸಿ ಅದರ ತುದಿ ಮೇಲಿನ ಕವರಿಗೆ, ಹಿಡಿ ಕಿವಿಗೆ ಇಟ್ಕೊಂಡು ಕಣ್ಮುಚ್ಚಿದ್ರು.

"ಇದು ನಮ್ಮ ಗಾಡಿ ಇಂಜಿನ್ನಲ್ವನೋ."

"ಹೌದು ಅಪ್ಪಯ್ಯ. ಸ್ವಲ್ಪ ದೊಡ್ಡದು."

"ಮೂರನೇ ಟ್ಯಾಪೆಟ್ ಸಡಿಲ ಇದೆ. ಮನೆಗೆ ಹೋಗಿ ಹಾಕಣ."

ಆಬಿಂಗ್ಡನ್ನಲ್ಲಿ ನದಿ ಪಕ್ಕ ಕೂತು ಚಾ ಕುಡಿದು ವಾಪಸ್ ಬಂದ್ವಿ. ಮಾರನೇ ದಿನ ಬೆಳಿಗ್ಗೆ ಇಂಜಿನ್ ತಣ್ಣಗಿರೋವಾಗಲೇ ಶುರು ಮಾಡಿದ್ವಿ. ಅಪ್ಪಯ್ಯನಿಗೆ ಒಂದು ಸ್ಟೂಲ್ ಹಾಕಿದೆ, ಪ್ಲಗ್ ನಾಲ್ಕೂ ಬಿಚ್ಚಿದೆ, ಮೇಲಿನ ಕವರ್ ತೆಗೆದೆ. ವಾಲ್ವ್ ಒತ್ತೋ ಎಂಟು ರಾಕರ್ ಸಾಲಾಗಿ, ಅಂಬಾಸಿಡರಲ್ಲಿದ್ದಂಗೇ. ಇದಕ್ಕೊಂದು ಲೆಕ್ಕ ಇದೆ, ಚಿಕ್ಕವನಿದ್ದಾಗ ಬಾಯಿಪಾಠ ಮಾಡಿಸಿದ್ದು, ಯಾವ ವಾಲ್ವ್ ಪೂರ್ತಿ ತೆರೆದಿದೆ ನೋಡು, ಅದನ್ನ ಒಂಬತ್ತರಲ್ಲಿ ಕಳೆ, ಉಳಿದಿದ್ದನ್ನ ಸೆಟ್ ಮಾಡು. ಎಂಟು ತೆರೆದಿದ್ರೆ ಒಂದು, ಆರು ತೆರೆದಿದ್ರೆ ಮೂರು. ಗ್ಯಾಪ್ ಹದಿನೈದು ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು. ಪುಸ್ತಕದಲ್ಲಿ ನೋಡಿದ್ದೆ, ಇದಕ್ಕೂ ಅಷ್ಟೇ. ಕಾರು ನಾಲ್ಕನೇ ಗೇರಲ್ಲಿಟ್ಟು ಹಿಂದಿನಿಂದ ನಾನು ಇಂಚಿಂಚೇ ತಳ್ಳೋದು, ಅಪ್ಪಯ್ಯ ಮುಂದೆ ಸಂದು ಅಳೆಯೋ ಫೀಲರ್ ಗೇಜ್ ಹಿಡ್ಕೊಂಡು ಕೂತಿರೋದು. ಮಗಳು ಸ್ಕೂಲಿಗೆ ರಜಾ, ಪಕ್ಕದಲ್ಲಿ ನಿಂತು ನೋಡ್ತಿದ್ಲು. ಒಂದೆರಡು ವಾಲ್ವ್ ಆದ ಮೇಲೆ ಅಪ್ಪಯ್ಯ ಗೇಜನ್ನ ಅವಳ ಕೈಗೆ ಕೊಟ್ರು.

"ಈಗ ಆರು ಪೂರ್ತಿ ಕೆಳಗೆ ಹೋಗಿದೆ ನೋಡು ಪುಟ್ಟಿ. ಒಂಬತ್ತರಲ್ಲಿ ಆರು ಹೋದ್ರೆ?"

"ಮೂರು ಅಜ್ಜ."

"ಹಾಂ, ಆ ಸಡಿಲ ಇದ್ದಿದ್ದೇ. ಹಿಡಿ."